ಗಾದಿಯ ಮೇಲಿನ ಮೂಲಾಧಾರ

ನಮ್ಮ ಮನೆಯ ಕಪಾಟಿನ ಮಗ್ಗುಲಲ್ಲಿ ಒಂದು ನೀಲಿ ಚಾಪೆ ಇದೆ. ಚಾಪೆ ಎಂದರೆ ಈಚಲು ಗರಿಯದ್ದಲ್ಲ, ಯೋಗ ಮಾಡುವವರು ಹಾಸಿಕೊಳ್ಳುವ ರಬ್ಬರಿನದು. ಇಂಥದ್ದನ್ನು ಸುರುಳಿ ಸುತ್ತಿ ಇಡಬೇಕು. ನಾನು ಮಡಚಿ ಮಡಚಿ ಅದರ ಮೈಮೇಲೆಲ್ಲ ಗೆರೆ ಬಿದ್ದಿದೆ. ನೆಲಕ್ಕೆ ಹಾಸಿದರೆ ಗೆರೆ ಇದ್ದಲ್ಲೆಲ್ಲ ಸಣ್ಣ ಸಣ್ಣ ದಿಬ್ಬ ಏಳುತ್ತವೆ. ಮೊನ್ನೆ ಮಗಳು ಅದನ್ನು ಎಸೆದು ಹೊಸದು ತರುತ್ತೇನೆಂದಳು. ಬೇಡವೆಂದೆ. ಯಾಕೆಂದು ಕೇಳಿದಳು. ಇರಲಿ ಬಿಡು ಎಂದೆ. ಆಕೆಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವೇನು ನಾಳೆ ಬೆಳಿಗ್ಗೆ ನನ್ನೆದುರು ಕೂತು ಚಹಾ ಕುಡಿಯುವವರಲ್ಲವಲ್ಲ.

ಇದು ನಾನು ಕೆಲವು ಕಾಲ ಯೋಗಿಯಾಗಿದ್ದ ಕಥೆ. ಆಗಿದ್ದೆ ಅನ್ನುವುದಕ್ಕಿಂತ, ಜನ ಹಾಗೆ ತಿಳಿದುಕೊಂಡಾಗ ಸುಮ್ಮನಿದ್ದೆ ಅನ್ನುವುದು ಸರಿ.

ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಚಕ್ರ. ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮಜ್ಜಿ ಬಂದವರಿಗೆಲ್ಲ, "ಇವನ ಕಾಲಾಗ ಚಕ್ರ ಐತಿ" ಎಂದು ನನ್ನನ್ನು ತೋರಿಸುತ್ತಿದ್ದಳು. ಉಣ್ಣಲು ಕೂತರೆ ಎರಡು ತುತ್ತಿಗೆ ಎದ್ದು ಓಡುತ್ತಿದ್ದೆ. ಅದಕ್ಕೆ ಅಜ್ಜಿ ಪಕ್ಕದಲ್ಲಿ ಕೂತು ತನ್ನ ಅಂಗೈಯನ್ನು ನನ್ನ ಮೊಣಕಾಲ ಮೇಲೆ ಒತ್ತಿ ಹಿಡಿದಿರುತ್ತಿದ್ದಳು. ಆ ಅಂಗೈ ಒರಟು, ಬೆಚ್ಚಗೆ, ಬೆರಳ ಸಂದಿಯಲ್ಲಿ ಜೋಳದ ಹಿಟ್ಟು. ಮಜ್ಜಿಗೆ ಅನ್ನ ಮುಗಿಯುವವರೆಗೂ ಅದು ಕದಲುತ್ತಿರಲಿಲ್ಲ. ಸಾಲಿಯಲ್ಲಿ ಮಾಸ್ತರರು "ತಳಾ ಊರಿ ಕೂಡೋ ಮಂಗ್ಯಾ" ಎಂದು ಬೈಯುತ್ತಿದ್ದರು. ತಳ ಊರುವುದು ಅಷ್ಟು ದೊಡ್ಡ ವಿದ್ಯೆ ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ಹೇಗೋ ಮ್ಯಾಟ್ರಿಕ್ ಪಾಸಾಗಿ, ಒಂದು ಟ್ರಂಕು ಹಿಡಿದು ತೆಲುಗರ ರಾಜಧಾನಿಗೆ ಬಂದು ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದೆ. ಊರಿನವರೊಬ್ಬರು ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹಚ್ಚಿದರು. ಆಗಿನ ಸೀರೆ ಅಂಗಡಿ ಎಂದರೆ ಗೊತ್ತಲ್ಲ, ಅಂಗಡಿಯ ತುಂಬ ಗಾದಿ, ಗಾದಿಯ ಮೇಲೆ ಬಿಳಿ ಚಾದರ. ಗಿರಾಕಿಗಳು ಚಪ್ಪಲಿ ಬಿಟ್ಟು ಒಳಗೆ ಬಂದು ಒಂದು ಬದಿಗೆ ಕೂಡಬೇಕು. ಇನ್ನೊಂದು ಬದಿಗೆ ನಾವು, ಬೆನ್ನ ಹಿಂದೆ ಸೀರೆಗಳ ಕಪಾಟು.

ಅಲ್ಲಿಯ ಹಿರಿಯರು ಭೀಮರಾವ್ ಕಾಕಾ. ಮೊದಲ ದಿನ ನನ್ನ ಕೈಗೆ ಒಂದು ಸೀರೆಯನ್ನೂ ಕೊಡಲಿಲ್ಲ. "ಮೊದಲ ಕೂಡೂದು ಕಲಿ. ಮಾರೂದು ತಾನ ಬರತೈತಿ" ಎಂದರು. ಇದೇನು ಕಲಿಯುವಂಥದ್ದು ಎಂದು ಮನಸ್ಸಿನಲ್ಲೇ ನಕ್ಕು ಚಕ್ಕಂಬಕ್ಕಳ ಹಾಕಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿದು, ಅವು ನನ್ನವೋ ಪಕ್ಕದ ಅಂಗಡಿಯವರವೋ ತಿಳಿಯದಾಯಿತು.

ಕಾಕಾ ಕೂತಿದ್ದನ್ನು ನೋಡಬೇಕಿತ್ತು ನೀವು. ಅಂಥ ಕೂಡುವಿಕೆಯನ್ನು ಆಮೇಲೆ ನಾನು ಯಾವ ಮಠದಲ್ಲೂ ನೋಡಲಿಲ್ಲ. ಕೂಡುವ ಮುಂಚೆ ಚಾದರದ ಮೇಲೆ ಒಮ್ಮೆ ಅಂಗೈ ಸವರುತ್ತಿದ್ದರು. ಕೂತ ಮೇಲೆ ಸೊಂಟದ ಕೆಳಗಿನ ದೇಹ ಅಂಗಡಿಯ ಆಸ್ತಿ, ಅದು ಅಲ್ಲಾಡುವ ಮಾತಿಲ್ಲ. ಕೈಗಳು ಮಾತ್ರ ಆಡುತ್ತಿದ್ದವು. ಇಳಕಲ್ಲು ಇಳಿಯಿತು, ಗದ್ವಾಲ ಇಳಿಯಿತು, ಒಂದೊಂದು ಸೀರೆ ಗಾಳಿಯಲ್ಲಿ ತೇಲಿ ಗಿರಾಕಿಯ ಮುಂದೆ ಬಂದು ಬೀಳುತ್ತಿತ್ತು. "ಆವೋ ಅಮ್ಮಾ, ಬೈಠೋ" ಎಂದು ಹಿಂದಿಯಲ್ಲಿ ಕರೆದು, ತೆಲುಗಿನಲ್ಲಿ ಬಣ್ಣ ಹೇಳಿ, ನಮ್ಮ ಕಡೆಯವರಾದರೆ ಕನ್ನಡದಲ್ಲಿ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ಹಾಕಿದ ಸೀರೆಯನ್ನೆಲ್ಲ ಬೇಡವೆಂದರೂ ಮುಖ ಬಾಡುತ್ತಿರಲಿಲ್ಲ. ಕಾಕಾನ ಮುಂದೆ ಕೂತ ಹೆಂಗಸರ ದನಿ ತಾನಾಗಿಯೇ ಮೆತ್ತಗಾಗುತ್ತಿತ್ತು. ರಚ್ಚೆ ಹಿಡಿದ ಕೂಸುಗಳು ಸೀರೆಯ ರಾಶಿಯ ಮೇಲೆ ನಿದ್ದೆ ಹೋಗುತ್ತಿದ್ದವು.

ಒಮ್ಮೆ ನನ್ನ ಮುಂದೆ ಕೂತ ಗಿರಾಕಿಯೊಬ್ಬಳು ಕಪಾಟಿನ ಮೇಲಿನ ಸಾಲನ್ನೆಲ್ಲ ನಾನು ಇಳಿಸಿದರೂ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ನನಗೆ ಸಾಕಾಗಿ ನೀರು ಕುಡಿಯುವ ನೆಪದಲ್ಲಿ ಎದ್ದೆ. ತಿರುಗಿ ಬರುವಷ್ಟರಲ್ಲಿ ಆಕೆ ಚಪ್ಪಲಿ ಮೆಟ್ಟುತ್ತಿದ್ದಳು. ಸಂಜೆ ರಾಶಿ ಮಡಚುವಾಗ ಕಾಕಾ ಮೆಲ್ಲಗೆ ಹೇಳಿದರು: "ನೀ ಎದ್ದಿ, ಆಕಿನೂ ಎದ್ದಳು. ಗಿರಾಕಿ ಏಳೋತನಕ ನೀ ಏಳಬ್ಯಾಡ." ಮೊದಲ ದಿನದ ಆ ಮಾತು ಬಿಟ್ಟರೆ ನನ್ನ ಇಡೀ ನೌಕರಿಯಲ್ಲಿ ಅವರು ಕೊಟ್ಟ ಉಪದೇಶ ಇಷ್ಟೇ.

ಮಡಚುವ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗಳಲ್ಲಿ ಸೀರೆ ಮಡಚುವುದಕ್ಕೆ ಒಂದು ಪದ್ಧತಿ ಇದೆ. ಅಂಚು ಹೊರಗೆ ಕಾಣಬೇಕು, ಸೆರಗು ಮೇಲೆ ಬರಬೇಕು, ಕೊನೆಗೆ ಒಮ್ಮೆ ಅಂಗೈ ಸವರಿ ಗಾಳಿ ತೆಗೆಯಬೇಕು. ಕೈಗೆ ಅದು ಎಷ್ಟು ಹತ್ತಿತೆಂದರೆ ಮನೆಯಲ್ಲಿ ಟಾವೆಲ್ಲು, ಹೊದಿಕೆ, ಪೇಪರು ಎಲ್ಲವನ್ನೂ ಹಾಗೇ ಮಡಚುತ್ತೇನೆ. ಚಪಾತಿಯನ್ನೂ ಹಾಗೇ ಮಡಚಿ ತಿನ್ನುತ್ತೇನೆಂದು ನನ್ನ ಹೆಂಡತಿ ಸರೋಜಾ ನೆಂಟರ ಮುಂದೆ ನಗೆಯಾಡುತ್ತಾಳೆ.

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ನಮ್ಮ ಅಂಗಡಿಯ ಸ್ಟಾಲು ಇರುತ್ತಿತ್ತು. ಅಲ್ಲಿ ಗಾದಿ ಇಲ್ಲ, ಉದ್ದನೆಯ ಮೇಜು. ಮೇಜಿನ ಹಿಂದೆ ನಿಂತು ಮಾರಬೇಕು. ನಿಂತರೆ ನನಗೆ ಮಾತೇ ಬರಲಿಲ್ಲ. ಬಣ್ಣದ ಹೆಸರು ತಪ್ಪಿದವು, ಸೆರಗು ತಲೆಕೆಳಗಾಯಿತು. ಕೊನೆಗೆ ಮೇಜನ್ನೇ ಹತ್ತಿ ಚಕ್ಕಂಬಕ್ಕಳ ಹಾಕಿದೆ. ಜನ ಯಾವುದೋ ಆಟದ ಸ್ಟಾಲು ಎಂದು ಗುಂಪುಗೂಡಿದರು. ನೋಡಲು ಬಂದವರು ಸೀರೆಯನ್ನೂ ಕೊಂಡರು. ಕಾಲಲ್ಲಿ ಚಕ್ರ ಇದ್ದವನು ಕೂತರೆ ಮಾತ್ರ ಮಾತು ಬರುವವನಾಗಿದ್ದೆ.

ಕಾಕಾ ತೀರಿಕೊಂಡರು. ಗಾದಿಗಳೂ ಹೋದವು, ಎಲ್ಲ ಕಡೆ ಗಾಜಿನ ಕೌಂಟರು ಬಂತು. ಮಾಲೀಕರ ಮಕ್ಕಳು ಅಂಗಡಿ ಮುಚ್ಚಿದ ಮೇಲೆ ನಾವಿಬ್ಬರೂ ಊರ ಹೊರಗಿನ ಮಣಿಕೊಂಡದಲ್ಲಿರುವ ಮಗಳು ಅಳಿಯನ ಫ್ಲ್ಯಾಟಿಗೆ ಬಂದೆವು. ಆಗಿನ ಮಣಿಕೊಂಡವೇ ಮಣಿಕೊಂಡ. ಬೆಳಗಾದರೆ ಬಂಡೆ ಒಡೆಯುವ ಸದ್ದು. ಈ ವಾರ ಬಯಲಿದ್ದಲ್ಲಿ ಮುಂದಿನ ಬಾರಿ ನೋಡಿದರೆ ಕಟ್ಟಡ. ಸಾರುವೆಯ ಮೇಲೆ ನಿಂತ ಗೌಂಡಿಗಳ ಬಾಯಿಂದ ಯಾದಗಿರಿ, ರಾಯಚೂರು ಕಡೆಯ ಕನ್ನಡ ಕೇಳುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಕಂಪನಿಯ ಬಸ್ಸಿಗೆ ಓಡುತ್ತಿದ್ದರು. ಇಡೀ ಊರಿನ ಕಾಲಲ್ಲಿ ಚಕ್ರ ಇತ್ತು.

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಬೆಳಗಿನ ಯೋಗ ಶುರುವಾಯಿತು. ಹೇಳಿಕೊಡುವವನು ಕಿರಣ್ ಎಂಬ ತೆಲುಗು ಹುಡುಗ. ಒಳ್ಳೆಯವನು, ಓದಿಕೊಂಡವನು. ಮಗಳು ನೀಲಿ ಚಾಪೆ ತಂದುಕೊಟ್ಟು ನನ್ನನ್ನು ಅಟ್ಟಿದಳು. ಮೊದಲ ವಾರ ಅವನು ಮೂಲಾಧಾರ ಚಕ್ರದಿಂದಲೇ ಶುರುಮಾಡಿದ. ಬೆನ್ನುಮೂಳೆಯ ತಳದಲ್ಲಿ ನಾಲ್ಕು ದಳದ ಕೆಂಪು ಕಮಲವಂತೆ. ಅದರ ತತ್ವ ಭೂಮಿ, ಬೀಜಾಕ್ಷರ 'ಲಂ', ಹೊತ್ತು ನಿಂತಿರುವುದು ಆನೆ, ಒಡೆಯ ಗಣಪತಿ. ಉಳಿದ ಚಕ್ರಗಳೆಲ್ಲ ಇದರ ಮೇಲೆಯೇ ನಿಲ್ಲಬೇಕು. ಇದು ನೆಟ್ಟಗಿದ್ದರೆ ಮನುಷ್ಯನಿಗೆ ಈ ಭೂಮಿಯ ಮೇಲೆ ನನಗೂ ಒಂದು ಜಾಗ ಇದೆ ಎಂಬ ಧೈರ್ಯ. ತಪ್ಪಿತೋ, ಮನೆ, ಅನ್ನ, ನೌಕರಿ ಯಾವಾಗ ಕೈಬಿಡುತ್ತವೋ ಎಂಬ ದಿಗಿಲು. ಅವನು ಆನೆ ಎಂದಾಗ ನನಗೆ ಕಂಡದ್ದು ಭೀಮರಾವ್ ಕಾಕಾ. ಮೈ ಜುಮ್ಮೆಂದಿತು. ನಮ್ಮ ಸುಲ್ತಾನ್ ಬಜಾರಿನ ಗಾದಿಗೆ ಶಾಸ್ತ್ರದಲ್ಲಿ ಇಷ್ಟು ದೊಡ್ಡ ಹೆಸರಿದೆಯೇ ಎಂದು.

ಆಮೇಲೆ ಕಿರಣ್ ಎಲ್ಲರಿಗೂ ಅಲುಗದೆ ಕೂಡಲು ಹೇಳಿದ. ಕುರ್ಚಿಯ ಮೇಲೆ ದುಡಿಯುವ ಮಕ್ಕಳು, ಪಾಪ. ಒಬ್ಬರಾದ ಮೇಲೆ ಒಬ್ಬರು ಮೊಣಕಾಲು ಹಿಡಿದು ಮಗುಚಿಕೊಂಡರು. ಕಣ್ಣು ತೆರೆದಾಗ ನಾನೊಬ್ಬನೇ ಕೂತಿದ್ದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿರಣ್ ಹತ್ತಿರ ಬಂದು, ನೆಲಕ್ಕೆ ಅಂಟಿದ ನನ್ನ ಮೊಣಕಾಲುಗಳನ್ನು ತೋರಿಸಿ, ಮೂಲಾಧಾರ ಗಟ್ಟಿ ಇರುವುದು ಎಂದರೆ ಇದು ಎಂದ. ಎಷ್ಟು ವರ್ಷದ ಸಾಧನೆ ಅಂಕಲ್ ಎಂದು ಕೇಳಿದ. "ಭಾಳ ವರ್ಷದ್ದು" ಎಂದೆ. ಸುಳ್ಳಲ್ಲ. ತೊಡಕು ಇರುವುದೇ ಅಲ್ಲಿ.

ಮನುಷ್ಯನಿಗೆ ಹೊಗಳಿಕೆ ಅನ್ನುವುದು ಜಿಲೇಬಿ ಇದ್ದಂತೆ, ಮೊದಲನೆಯದನ್ನು ನಿರಾಕರಿಸಿದವನೇ ಗೆದ್ದ. ನಾನು ತಿಂದೆ. ತರಗತಿ ಮುಗಿದ ಮೇಲೆ ನನ್ನ ಸುತ್ತ ಜನ ಕೂಡತೊಡಗಿದರು. ಒಬ್ಬರಿಗೆ ಸೊಂಟ, ಒಬ್ಬರಿಗೆ ಸಿಟ್ಟು, ಒಬ್ಬರಿಗೆ ಮೇಲಿನ ಅಧಿಕಾರಿ. ಕಿರಣ್ ಹೇಳಿದ್ದನ್ನೇ ಮಾರನೆಯ ದಿನ ನಿಧಾನವಾಗಿ ಹೇಳುತ್ತಿದ್ದೆ, ಹೇಳುವ ಮುಂಚೆ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದೆ. ಬಿಳಿ ಜುಬ್ಬಾ ಹೊಲಿಸಿಕೊಂಡೆ. ಸರೋಜಾ ಒಂದು ದಿನ ಜುಬ್ಬಾಕ್ಕೆ ಗುಂಡಿ ಹಚ್ಚುತ್ತ, "ಗಾದಿ ಬಿಟ್ಟು ಪೀಠಾ ಏರಿದ್ರಿ. ಪಾದಪೂಜಿ ಯಾವಾಗ ಅಂತ ಹೇಳ್ರಿ, ಸ್ಟೀಲ್ ತಾಟು ತೊಳದಿಡತೀನಿ" ಎಂದಳು. ಒಬ್ಬ ಕಿರಣ್ ಮಾತ್ರ ಚಾಪೆಯನ್ನು ಮಡಚಬೇಡಿ ಅಂಕಲ್, ಸುತ್ತಿ ಎಂದು ದಿನಾ ತಿದ್ದುತ್ತಿದ್ದ. ಹ್ಞೂಂ ಎನ್ನುತ್ತ ಮಡಚುತ್ತಿದ್ದೆ.

ಆಗ ಬಂದವಳು ಅಶ್ವಿನಿ. ಸಿಂಧನೂರಿನ ಹುಡುಗಿ, ಕಂಪನಿಯೊಂದರಲ್ಲಿ ಕೆಲಸ. ನಮ್ಮ ಪಕ್ಕದ ಬ್ಲಾಕಿನಲ್ಲಿ ಗೆಳತಿಯರೊಂದಿಗೆ ಇದ್ದಳು. ನಾನು ಗೌಂಡಿಯೊಬ್ಬನ ಜೊತೆ ಕನ್ನಡ ಮಾತಾಡಿದ್ದು ಕೇಳಿ ಓಡಿಬಂದು, "ನೀವು ನಮ್ಮ ಕಡಿಯವರೇನ್ರಿ?" ಎಂದಳು. ಅಂದಿನಿಂದ ಅಂಕಲ್ ಹೋಗಿ ಕಾಕಾ ಆದೆ.

ಅದು ಅಮೆರಿಕದ ಬ್ಯಾಂಕುಗಳು ಕುಸಿದ ಸಮಯ. ಅಲ್ಲಿ ಕುಸಿದರೆ ಇಲ್ಲಿ ಮಣಿಕೊಂಡ ನಡುಗುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಆಫೀಸಿನಲ್ಲಿ ಅಶ್ವಿನಿಯ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗಿಯನ್ನು ಒಂದು ದಿನ ಊಟದ ಹೊತ್ತಿಗೆ ಕರೆದು ಕೆಲಸದಿಂದ ತೆಗೆದರಂತೆ. ಒಂದು ರಟ್ಟಿನ ಡಬ್ಬಿಯಲ್ಲಿ ಚಹಾದ ಕಪ್ಪು, ಸಣ್ಣ ಗಣಪತಿ ಇಟ್ಟುಕೊಂಡು ಆ ಹುಡುಗಿ ಲಿಫ್ಟಿನೊಳಗೆ ಹೋದದ್ದನ್ನು ಅಶ್ವಿನಿ ಮತ್ತೆ ಮತ್ತೆ ಹೇಳಿದಳು. ಈಗ ಆಕೆಗೂ ನಿದ್ದೆ ಇಲ್ಲ, ಫೋನು ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಕಿರಣ್ ಹೇಳಿದ ಲಕ್ಷಣ ಎಲ್ಲ ಕೂಡಿಬಂದಿದ್ದವು. ನನ್ನ ಮೂಲಾಧಾರ ಸರಿಮಾಡಿಕೊಡಿ ಕಾಕಾ ಎಂದಳು.

ನಾನು ಶುರುಮಾಡಿದೆ. ಗಜ್ಜರಿ, ಬೀಟ್‌ರೂಟು, ಮೂಲಂಗಿ ತಿನ್ನು, ನೆಲದೊಳಗೆ ಬೆಳೆದದ್ದು ನೆಲದ ಗುಣ ಕೊಡುತ್ತದೆ ಎಂದೆ. ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆ ಎಂದೆ. ನನ್ನ ಟ್ರಂಕಿನಲ್ಲಿದ್ದ ಕೆಂಪು ರವಿಕೆ ಖಣದ ತುಂಡು ಕೊಟ್ಟು, ಇದರ ಮೇಲೆ ಕೂತು 'ಲಂ' ಅನ್ನು, ಉಸಿರನ್ನು ತಳದವರೆಗೆ ಬಿಡು ಎಂದೆ. ಇದರಲ್ಲಿ ಕೇಡೇನಿಲ್ಲ, ಈಗಲೂ ಹೇಳುತ್ತೇನೆ. ಹುಡುಗಿಯ ಮುಖಕ್ಕೆ ಸ್ವಲ್ಪ ಕಳೆ ಬಂತು. ನಮ್ಮ ಮನೆಗೂ ಬರತೊಡಗಿದಳು. ಸರೋಜಾ ಇವತ್ತಿಗೂ ನೆಲದ ಮೇಲೆ ಕೂತೇ ರೊಟ್ಟಿ ಬಡಿಯುವವಳು. ಅಶ್ವಿನಿ ಅವಳ ಎದುರಿಗೆ ಕೂತು ಬಿಸಿ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದಳು. ಹುಡುಗಿಗೆ ನಿದ್ದೆ ಬಂದದ್ದು ನನ್ನ 'ಲಂ'ನಿಂದಲೋ ಸರೋಜಾಳ ರೊಟ್ಟಿಯಿಂದಲೋ ದೇವರಿಗೇ ಗೊತ್ತು. ಹೆಸರು ಮಾತ್ರ ನಾನು ತೆಗೆದುಕೊಂಡೆ.

ಒಂದು ಶನಿವಾರ ತರಗತಿ ಮುಗಿದ ಮೇಲೆ, ನನ್ನ ಸುತ್ತ ಜನ ಇರುವಾಗಲೇ, ಆಕೆ ಕೇಳಿದಳು: "ಕಾಕಾ, ನಾ ಇಲ್ಲೇ ಇರಬೇಕೋ, ನೌಕರಿ ಬಿಟ್ಟು ಊರಿಗೆ ಹೋಗಬೇಕೋ? ಈ ಹೆದರಿಕಿ ಸಾಕಾಗೈತಿ. ನೀವು ಹೇಳಿದಂಗ ಮಾಡತೀನಿ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕಣ್ಣು ಮುಚ್ಚಿದೆ. ತೆರೆದೆ. "ಬೇರು ಎಲ್ಲಿ ಐತೋ ಅಲ್ಲಿಗೆ ಹೋಗಬೇಕವ್ವಾ. ಮಣ್ಣು ನಿನ್ನ ಕರಿಯಾಕತ್ತೈತಿ" ಎಂದೆ. ಹಿಂದಿನಿಂದ ಯಾರೋ ವಾಹ್ ಎಂದರು. ಕನ್ನಡ ತಿಳಿಯದವರೂ ತಲೆ ತೂಗಿದರು. ಅಶ್ವಿನಿ ಚಾಪೆ ಎತ್ತಿಕೊಂಡು, ಹಾಗಾದರೆ ಸೋಮವಾರ ರಾಜೀನಾಮೆ ಕೊಟ್ಟುಬಿಡುತ್ತೇನೆ ಎಂದು ಎದ್ದು ಹೋದಳು.

ಊಟಕ್ಕೆ ಕೂತಾಗ ಇದನ್ನು ಸರೋಜಾಗೆ ಹೆಮ್ಮೆಯಿಂದಲೇ ಹೇಳಿದೆ. ಬಡಿಸುತ್ತಿದ್ದ ಅವಳ ಕೈ ನಿಂತಿತು.

"ಊರಾಗ ಆಕಿಗೆ ಏನು ಕಾಯಾಕತ್ತೈತಿ ಅಂತ ಕೇಳಿದ್ರೇನು?"

ಕೇಳಿರಲಿಲ್ಲ. ರೊಟ್ಟಿ ತಿನ್ನುತ್ತ ಅಶ್ವಿನಿ ಸರೋಜಾಗೆ ಹೇಳಿದ್ದಳು. ಊರಿನಲ್ಲಿ ಕಾಯುತ್ತಿದ್ದವನು ಸೋದರಮಾವ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಇದೆಯಲ್ಲ, ತೊಟ್ಟಿಲಲ್ಲಿದ್ದಾಗಲೇ ಇವಳು ಅವನಿಗೆ ಎಂದು ಆಡಿಬಿಟ್ಟಿದ್ದರು. ಹುಡುಗಿ ಒಲ್ಲೆನೆಂದು ಹಟ ಹಿಡಿದು ಓದಿ ಇಲ್ಲಿಗೆ ಬಂದಿದ್ದಳು. ಮನೆಯಲ್ಲಿ ಅವಳ ಪರವಾಗಿ ನಿಂತವಳು ತಾಯಿ ಒಬ್ಬಳೇ. ನಿನ್ನ ನೌಕರಿ ಇರುವ ತನಕ ನನ್ನ ಮಾತು ನಡೆಯುತ್ತದೆ ಎಂದು ತಾಯಿ ಹೇಳಿ ಕಳಿಸಿದ್ದಳಂತೆ. ತಾನಾಗಿಯೇ ಬಿಟ್ಟು ಬಂದರೆ ಆ ತಾಯಿ ಏನು ಮಾತಾಡಬೇಕು?

"ನೀವು ಆಕಿನ್ನ ಮಣ್ಣಿಗೆ ಕಳಸಾಕತ್ತಿಲ್ಲ, ಮಾವನ ಮನಿಗೆ ಕಳಸಾಕತ್ತೀರಿ" ಎಂದಳು ಸರೋಜಾ. ಆಮೇಲೆ ದನಿ ತಗ್ಗಿಸಿ, "ಸೀರಿ ಮಾರೂವಾಗ ಮೈಮ್ಯಾಲ ಹಾಕಿ ನೋಡಿ, ಬಣ್ಣ ಒಪ್ಪತೈತೋ ಇಲ್ಲೋ ಹೇಳತಿದ್ರಿ. ಈ ಹುಡುಗಿಗೆ ಮುಖಾನೂ ನೋಡದ ಹೇಳಿಬಿಟ್ರಲ್ರಿ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಕಾಕಾನ ಗಾದಿಯಲ್ಲಿ ಕೂತವನು ಒಪ್ಪದ ಬಣ್ಣವನ್ನು ಒಪ್ಪುತ್ತದೆ ಎಂದು ಯಾರಿಗೂ ಕಟ್ಟಿದವನಲ್ಲ. ಇಲ್ಲಿ ಒಂದು 'ವಾಹ್'ಗೋಸ್ಕರ ಕಟ್ಟಿಬಿಟ್ಟಿದ್ದೆ.

ಭಾನುವಾರ ತರಗತಿ ಮುಗಿದ ಮೇಲೆ ಅಶ್ವಿನಿಯನ್ನು ಇರಲು ಹೇಳಿದೆ. ಎಲ್ಲರೂ ಹೋದರು. ಎದುರುಬದುರು ಕೂತೆವು. ನನ್ನ ಗಟ್ಟಿ ಮೂಲಾಧಾರ ಗಡಗಡ ಅಲ್ಲಾಡುತ್ತಿತ್ತು. ಹೇಳಿದೆ. ನಾನು ಯೋಗಿ ಅಲ್ಲ, ಸಾಧಕ ಅಲ್ಲ, ಸುಲ್ತಾನ್ ಬಜಾರಿನಲ್ಲಿ ಸೀರೆ ಮಾರಿದವನು, ಕೂಡುವುದು ನನಗೆ ಹೊಟ್ಟೆಪಾಡಿಗೆ ಬಂದದ್ದು, ನಿನ್ನ ವಿಷಯ ಏನೂ ತಿಳಿಯದೆ ಜನರ ಮುಂದೆ ದೊಡ್ಡವನಾಗಲು ಆ ಮಾತಾಡಿದೆ, ಅದನ್ನು ಮನಸ್ಸಿನಿಂದ ತೆಗೆದುಹಾಕು ಎಂದೆ.

ಆಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. "ಸೀರಿ ಅಂಗಡಿದು ಗೊತ್ತಿತ್ತು ಬಿಡ್ರಿ, ಕಾಕಾ" ಎಂದಳು.

"ಯಾರು ಹೇಳಿದರು?"

"ಯಾರು ಹೇಳಬೇಕು? ಮೊದಲನೇ ದಿನಾನ ನೀವು ಚಾಪಿ ಮಡಚೋದು ನೋಡಿದೆ. ನಮ್ಮವ್ವ ಸಿಂಧನೂರಾಗ ಸೀರಿ ಅಂಗಡ್ಯಾಗ ಕೆಲಸಾ ಮಾಡತಾಳ. ಗಿರಾಕಿ ಬಿಚ್ಚಿಸಿ ಬಿಟ್ಟು ಹೋದ ಸೀರಿ ಮಡಚೋದ ಆಕಿ ಕೆಲಸ. ಅಂಚು ಹೊರಗ, ಸೆರಗು ಮ್ಯಾಲ, ಕಡೀಗೆ ಅಂಗೈ ಸವರೂದು." ತುಟಿಯಲ್ಲಿ ನಗು ಬಂತು. "ರಬ್ಬರ್ ಚಾಪೀಗೆ ಸೆರಗೆಲ್ಲಿ ಐತ್ರಿ ಕಾಕಾ, ಅದನ್ನೂ ಮ್ಯಾಲ ತರತಿದ್ರಿ."

ನಾನು ತಲೆ ತಗ್ಗಿಸಿದೆ. ಗೊತ್ತಿದ್ದೂ ನನ್ನ ಮಾತು ಯಾಕೆ ಕೇಳಿದೆ ಎಂದೆ.

"ಸ್ವಾಮಿ ಅಂತ ಕೇಳಲಿಲ್ಲ. ಅಷ್ಟು ವರ್ಷ ಒಂದ ಜಾಗದಾಗ ಕುಂತವರು, ಹೆದರಿಕಿ ಬಂದಾಗ ಏನು ಮಾಡತಿದ್ರು ಅಂತ ಕೇಳಬೇಕಾಗಿತ್ತು. ನೀವು ಬ್ಯಾರೇನ ಹೇಳಿದ್ರಿ."

ಹುಡುಗಿ ಸರಿಯಾದ ಅಂಗಡಿಗೇ ಬಂದಿದ್ದಳು. ನಾನೇ ಇಲ್ಲದ ಮಾಲು ತೋರಿಸಿದ್ದೆ.

ಆಗ ಇದ್ದ ಮಾಲು ತೆಗೆದೆ. ವ್ಯಾಪಾರ ಇಲ್ಲದ ಸಂಜೆಗಳಲ್ಲಿ ಮಾಲೀಕರು ಕೆಮ್ಮಿದರೂ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದನ್ನು ಹೇಳಿದೆ. ಹೊಸ ಕೆಲಸಗಾರ ಬಂದು ಪಕ್ಕದಲ್ಲಿ ಕೂತರೆ, ಇವನು ನನ್ನ ಜಾಗಕ್ಕೆ ಬಂದವನೇ ಎಂದು ಚಾದರದ ಅಂಚನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದುದನ್ನು ಹೇಳಿದೆ. ಅಲ್ಲಾಡದೆ ಕೂತವನಿಗೆ ಹೆದರಿಕೆ ಇರಲಿಲ್ಲ ಎಂದಲ್ಲ, ಹೆದರಿಕೆಯನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಕೂತಿದ್ದೆ ಎಂದೆ. ಆಮೇಲೆ ಭೀಮರಾವ್ ಕಾಕಾ ಕೊಟ್ಟ ಒಂದೇ ಉಪದೇಶವನ್ನು ಅವರ ಮಾತಿನಲ್ಲೇ ಹೇಳಿದೆ: "ಗಿರಾಕಿ ಏಳೋತನಕ ನೀ ಏಳಬ್ಯಾಡ."

ಅಶ್ವಿನಿ ಕೂತಲ್ಲೇ ನೆಟ್ಟಗಾದಳು. "ಕಂಪನಿಯವರು ಏಳು ಅನ್ನೋತನಕ ನಾ ಆಗಿ ಏಳಬಾರದು. ಅಷ್ಟ ಹೌದಲ್ರಿ?"

"ಅಷ್ಟ. ಅದಕ್ಕಿಂತ ಹೆಚ್ಚು ನನಗ ಗೊತ್ತಿಲ್ಲವ್ವಾ."

ಎದ್ದೆವು. ನಾಚಿಕೆಯಿಂದಲೋ ಏನೋ, ಅಂದು ಮೊದಲ ಬಾರಿ ಚಾಪೆಯನ್ನು ಸುರುಳಿ ಸುತ್ತಲು ಹೋದೆ. ಅದು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಆಗಿ ಬಿಚ್ಚಿಕೊಂಡಿತು. ಬಿಡ್ರಿ ಕಾಕಾ, ನಿಮ್ಮ ಕೈಗೆ ಅದು ಬರೂದಿಲ್ಲ ಎಂದು ಆಕೆ ಒಂದು ತುದಿ ಹಿಡಿದು, ಇನ್ನೊಂದನ್ನು ನನ್ನ ಕೈಗೆ ಕೊಟ್ಟಳು. ಸೀರೆಯನ್ನು ಇಬ್ಬರು ಮಡಚುವ ಹಾಗೆ ದೂರ ಸರಿದು, ಹತ್ತಿರ ಬಂದು, ತುದಿಗೆ ತುದಿ ಕೂಡಿಸಿದೆವು. ಕೊನೆಗೆ ಅಂಗೈ ಸವರಿದವಳು ಆಕೆ. ಆ ಅಂಗೈಯಲ್ಲಿ ನಾನು ನೋಡದ ಅವಳ ತಾಯಿ ಕಂಡಳು. ಭೀಮರಾವ್ ಕಾಕಾ ಇದ್ದಿದ್ದರೆ ಈ ಹುಡುಗಿಯನ್ನು ಕರೆದು ತಮ್ಮ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದರು ಅನ್ನಿಸಿತು.

ಸೋಮವಾರ ಆಕೆ ರಾಜೀನಾಮೆ ಕೊಡಲಿಲ್ಲ. ನಾನು ತರಗತಿಯಲ್ಲಿ ಎಲ್ಲರಿಗೂ ನಿಜ ಹೇಳಿದೆ. ಕಿರಣ್ ನಕ್ಕು, ಆದರೇನು ಅಂಕಲ್, ನೀವು ಮುಂದಿನ ಸಾಲಿನಲ್ಲೇ ಕೂಡಬೇಕು ಎಂದ. ಉಳಿದವರು ಮೊಣಕಾಲು ನೋವಿಗೆ ಡಾಕ್ಟರ ಹತ್ತಿರ ಹೋಗತೊಡಗಿದರು. ಒಳ್ಳೆಯದೇ ಆಯಿತು.

ಮುಂದೆ ಕಂಪನಿಯವರೇ ಆಕೆಯನ್ನು ಕೆಲಸದಿಂದ ಎಬ್ಬಿಸಿದರು, ನಿಜ. ಆ ದಿನ ನಮ್ಮ ಮನೆಗೆ ಬಂದು ಸರೋಜಾಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅತ್ತು, ಉಂಡು, ಮಾರನೆಯ ದಿನದಿಂದ ಬೇರೆ ಕಡೆ ಹುಡುಕಿ, ಸ್ವಲ್ಪ ಸಣ್ಣ ಕಂಪನಿಯೊಂದರಲ್ಲಿ ಕೂತಳು. ಊರಿನಲ್ಲಿ ಮಾವ, ನೌಕರಿ ಹೋಯಿತಂತಲ್ಲ ಎಂದು ಮಾತು ತೆಗೆದಾಗ, ತಾಯಿ ಸೀರೆ ಮಡಚುತ್ತಲೇ, "ನನ್ನ ಮಗಳು ಎದ್ದಿಲ್ಲ, ಜಾಗಾ ಬದಲಿ ಮಾಡ್ಯಾಳ" ಎಂದಳಂತೆ. ಆ ಮಾತು ಕೇಳಿ ಸರೋಜಾ, ಆ ಹೆಣ್ಣಮಗಳಿಗೆ ಬೇಕಾದರೆ ಪಾದಪೂಜೆ ಮಾಡಬಹುದು ಎಂದಳು.

ಚಾಪೆಯ ಮೇಲಿನ ಗೆರೆಗಳಲ್ಲಿ ಒಂದು ಅಶ್ವಿನಿಯೂ ನಾನೂ ಮಡಚಿದ ಆ ಭಾನುವಾರದ್ದು. ಯಾವುದೆಂದು ಈಗ ಗುರುತು ಹತ್ತುವುದಿಲ್ಲ. ದಿನಾ ಬೆಳಿಗ್ಗೆ ಅಂಗೈ ಸವರಿ ಕೂತಾಗ ಒಂದು ದಿಬ್ಬ ಸರಿಯಾಗಿ ಮೂಲಾಧಾರದ ಕೆಳಗೇ ಬಂದು ಒತ್ತುತ್ತದೆ. ಸರಿದು ಕೂತರೆ ತಪ್ಪಿಸಿಕೊಳ್ಳಬಹುದು. ಒತ್ತಲಿ ಎಂದು ಅಲ್ಲೇ ಕೂತಿರುತ್ತೇನೆ.